ದೀಪ ಆರಿಸಬೇಡಿ, ಕಾರಣ ಹುಡುಕಿಸಿ

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ಸಾಗರದ ನನ್ನ ವರ್ಕ್‌ಶಾಪಿಗೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. ‘ಜೂನ್‌ನಲ್ಲಿ ಶೆಡ್ಡಿಗೆ ಹಾಕಿದ ಕಾರು, ನಿನ್ನೆ ತೆಗೆದೆ. ಸ್ಟಾರ್ಟ್ ಆಯ್ತು, ಆದ್ರೆ ಇಂಜಿನ್ ಚಿತ್ರದ ಹಳದಿ ಲೈಟು ಹೋಗ್ತಾ ಇಲ್ಲ. ಒಂಚೂರು ಆರಿಸಿ ಕೊಡ್ತೀರಾ?’ ಮೂವತ್ತು ವರ್ಷದಿಂದ ವಾಹನಗಳ ವೈರಿಂಗ್ ಕೆಲಸ ಮಾಡಿಕೊಂಡು ಬಂದವನು ನಾನು. ಆ ಕೊನೆಯ ಮಾತಿನ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ದೀಪ ಆರಿಸುವುದು ಎರಡು ನಿಮಿಷದ ಕೆಲಸ. ಆದರೆ ಅದನ್ನು ರಿಪೇರಿ ಎಂದು ಕರೆಯುವುದು ತಪ್ಪು.

ಕಳೆದ ಅಕ್ಟೋಬರ್‌ನಲ್ಲಿ ಹೊಸನಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು 2014ರ ಪೆಟ್ರೋಲ್ ಕಾರು ತಂದರು. ಮಳೆಗಾಲದ ನಾಲ್ಕು ತಿಂಗಳು ಮಗಳ ಮನೆಯಲ್ಲಿದ್ದರಂತೆ. ಕಾರು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿತ್ತು. ಊರಿಗೆ ಬಂದವರೇ ಪಕ್ಕದ ಮನೆಯ ಜೀಪಿನಿಂದ ಜಂಪ್ ಕೊಡಿಸಿ ಸ್ಟಾರ್ಟ್ ಮಾಡಿದ್ದಾರೆ, ದೀಪ ಹತ್ತಿಕೊಂಡಿದೆ. ಒಂದು ಗ್ಯಾರೇಜಿನಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ ಆರಿಸಿದರು. ಮರುದಿನವೇ ಮತ್ತೆ ಬಂತು. ಇನ್ನೊಂದು ಗ್ಯಾರೇಜಿನವರು ‘ಈ ಲೈಟಿಗೆ ಹೆಚ್ಚಾಗಿ ಆಕ್ಸಿಜನ್ ಸೆನ್ಸರೇ ಕಾರಣ’ ಎಂದು ಹೊಸದು ಹಾಕಿ 5,200 ರೂಪಾಯಿ ಬಿಲ್ ಮಾಡಿದರು. ದೀಪ ಉರಿಯುತ್ತಲೇ ಇತ್ತು.

ನಿಲ್ಲಿಸಿಟ್ಟ ಕಾರಿನಲ್ಲಿ ನಾನು ಮೊದಲು ಮುಟ್ಟುವುದು ಬ್ಯಾಟರಿಯನ್ನು. ಕೀ ತೆಗೆದಿಟ್ಟ ಮೇಲೂ ಗಡಿಯಾರ, ಲಾಕಿಂಗ್, ಕಂಪ್ಯೂಟರ್‌ನ ನೆನಪು ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. 30 ಮಿಲಿ ಆಂಪಿಯರ್ ಎಂದುಕೊಂಡರೂ 35 ಆಂಪಿಯರ್-ಅವರ್‌ನ ಬ್ಯಾಟರಿ ಒಂದೂವರೆ ತಿಂಗಳಲ್ಲಿ ಬರಿದಾಗುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ 14ರ ಆಸುಪಾಸು. ಮೇಷ್ಟ್ರ ಕಾರಿನದು 12.1 ಇತ್ತು. ವೋಲ್ಟೇಜ್ ಬಿದ್ದಾಗ ಕಂಪ್ಯೂಟರ್‌ಗಳು ತಬ್ಬಿಬ್ಬಾಗಿ ಎಬಿಎಸ್, ಸ್ಟೀರಿಂಗ್, ಇಂಜಿನ್ ದೀಪಗಳು ಒಟ್ಟೊಟ್ಟಿಗೆ ಹತ್ತಿಕೊಳ್ಳುವುದುಂಟು. ನಾಲ್ಕು ದೀಪ ಕಂಡ ಮಾತ್ರಕ್ಕೆ ನಾಲ್ಕು ಪಾರ್ಟು ಹಾಳಾಗಿದೆ ಎಂದು ಹೆದರಬೇಕಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿದೆ. ಬೆಳಿಗ್ಗೆ ಬ್ಯಾಟರಿ ಸರಿಯಾಗಿತ್ತು, ಇಂಜಿನ್ ದೀಪ ಮಾತ್ರ ಹಾಗೇ ಇತ್ತು.

ನಮ್ಮ ದೇಶದಲ್ಲಿ ಭಾರತ್ ಸ್ಟೇಜ್-4 ನಿಯಮದ ಜೊತೆ 2010ರಲ್ಲಿ ಓಬಿಡಿ ಎಂಬ ತಪಾಸಣೆ ವ್ಯವಸ್ಥೆ ಬಂತು; 2013ರಿಂದ ಅದರ ಎರಡನೇ ಹಂತ. ಹಾಗಾಗಿ ಹತ್ತು-ಹನ್ನೆರಡು ವರ್ಷದ ಹಳೆಯ ಕಾರಿನಲ್ಲೂ ಡ್ಯಾಶ್‌ಬೋರ್ಡಿನ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಸಿಕ್ಕಿಸಿದೆ. ಪಿ0113 ಎಂಬ ಕೋಡ್ ಬಂತು. ಇಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್‌ನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಿದೆ ಎಂದು ಅದರ ಅರ್ಥ. ಗಮನಿಸಿ, ಸೆನ್ಸರ್ ಹಾಳಾಗಿದೆ ಎಂದು ಅದು ಹೇಳುತ್ತಿಲ್ಲ. ಸರ್ಕ್ಯೂಟ್ ಎಂದರೆ ಸೆನ್ಸರ್, ಅದರ ಕನೆಕ್ಟರ್, ಎರಡು ವೈರು, ಆಚೆ ತುದಿಯ ಕಂಪ್ಯೂಟರ್ ಎಲ್ಲವೂ ಸೇರಿತು. ಕೋಡ್ ತೋರಿಸುವುದು ಬೀದಿಯನ್ನು. ಮನೆ ಯಾವುದು ಎಂದು ನಾವೇ ಹುಡುಕಬೇಕು.

ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆಗೆದು ಮೇಷ್ಟ್ರಿಗೆ ಓದಲು ಹೇಳಿದೆ. ಕನ್ನಡಕ ಸರಿಮಾಡಿಕೊಂಡು ಓದಿದರು: ‘ಮೈನಸ್ ನಲವತ್ತು ಡಿಗ್ರಿ.’ ಹೊರಗೆ ಅಕ್ಟೋಬರ್ ಬಿಸಿಲು. ‘ಎಂತ ಮಾರಾಯ, ಹಿಮಾಲಯದಲ್ಲೂ ಇಷ್ಟು ಚಳಿ ಇರ್ಲಿಕ್ಕಿಲ್ಲ’ ಅಂದರು. ಸೆನ್ಸರ್‌ನಿಂದ ಸುದ್ದಿಯೇ ಬಾರದೆ ಹೋದರೆ ಕಂಪ್ಯೂಟರ್ ಕಾಣುವುದು ಈ ಅಂಕಿಯನ್ನು. ಕನೆಕ್ಟರ್ ಬಿಚ್ಚಿ ಅದರ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಜೋಡಿಸಿದೆ. ವೈರಿಂಗ್ ಸರಿಯಿದ್ದಿದ್ದರೆ ಅಂಕಿ ಒಮ್ಮೆಲೇ ಮೇಲಕ್ಕೆ ನೆಗೆಯಬೇಕಿತ್ತು. ಆಗ ಸೆನ್ಸರ್ ಮೇಲೆ ಸಂಶಯ ಪಡಬಹುದಿತ್ತು. ಮೈನಸ್ ನಲವತ್ತು ಅಲ್ಲಾಡಲಿಲ್ಲ. ತೊಂದರೆ ಇರುವುದು ಸೆನ್ಸರ್‌ನಿಂದಾಚೆ, ಹೆಚ್ಚಾಗಿ ವೈರಿನಲ್ಲಿ ಎಂದು ಅಲ್ಲಿಗೆ ಗೊತ್ತಾಯಿತು.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಅಡಿಯಲ್ಲಿ ಒಣ ಹುಲ್ಲು, ಅಡಿಕೆ ಸಿಪ್ಪೆಯ ನಾರು, ಹರಿದ ಬಟ್ಟೆಯ ಚೂರು ಸೇರಿಸಿ ಇಲಿ ಗೂಡು ಕಟ್ಟಿತ್ತು. ಮಲೆನಾಡಿನ ಮಳೆಯಲ್ಲಿ ಅದಕ್ಕೆ ಅಷ್ಟು ಒಣಗಿದ ಜಾಗ ಬೇರೆಲ್ಲಿ ಸಿಗಬೇಕು? ಗೂಡಿನ ಪಕ್ಕ ಒಂದು ವೈರು ತುಂಡಾಗಿತ್ತು, ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಇನ್ನೆರಡು ವೈರುಗಳ ಸಿಪ್ಪೆ ಸುಲಿದಿತ್ತು. ಕಿಲುಬು ಹಿಡಿದಷ್ಟು ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ, ಹೀಟ್ ಸ್ಲೀವ್ ಏರಿಸಿ ಪೈಪಿನೊಳಗೆ ಕೂರಿಸಿದೆ. ಸ್ಕ್ಯಾನರ್‌ನಲ್ಲಿ 27 ಡಿಗ್ರಿ ಬಂತು. ಆಮೇಲಷ್ಟೇ ಕೋಡ್ ಅಳಿಸಿದೆ. ದೀಪ ಮತ್ತೆ ಬರಲಿಲ್ಲ.

ವೈರು, ಸ್ಲೀವ್ ಸೇರಿ ಸಾಮಾನು ಮೂವತ್ತು ರೂಪಾಯಿಯದು. ಕೆಲಸ ಸುಮಾರು ಒಂದೂವರೆ ಗಂಟೆ. ನಾನು 500 ರೂಪಾಯಿ ಕೇಳಿದೆ. ಆಗ ಮೇಷ್ಟ್ರ ಜೊತೆ ಬಂದಿದ್ದ ಅಳಿಯಂದಿರು ‘ಹೊಸ ಪಾರ್ಟು ಏನೂ ಹಾಕಿಲ್ಲವಲ್ಲ?’ ಎಂದು ಕೇಳಿದರು. ಅವರು ಕೆಟ್ಟವರೇನಲ್ಲ. ಊರಿಗೆ ಊರೇ ಕೇಳುವ ಪ್ರಶ್ನೆ ಅದು. ಐದು ಸಾವಿರದ ಸೆನ್ಸರಿಗೆ ಮರುಮಾತಿಲ್ಲದೆ ದುಡ್ಡು ಎಣಿಸುತ್ತೇವೆ, ಏಕೆಂದರೆ ಅದರ ಡಬ್ಬಿ ಕಣ್ಣಿಗೆ ಕಾಣುತ್ತದೆ. ಕಾರಣ ಹುಡುಕಿದ ಒಂದೂವರೆ ಗಂಟೆ ಯಾರ ಕಣ್ಣಿಗೂ ಕಾಣುವುದಿಲ್ಲ. ಹುಡುಕಿದ್ದಕ್ಕೆ ಕೂಲಿ ಹುಟ್ಟದಿದ್ದರೆ ಮೆಕ್ಯಾನಿಕ್ ಹುಡುಕುವುದನ್ನೇ ಬಿಡುತ್ತಾನೆ. ಅಂದಾಜಿನಲ್ಲಿ ಪಾರ್ಟು ಬದಲಿಸಿ ಅದರ ಲಾಭದಲ್ಲಿ ಬದುಕುತ್ತಾನೆ. ಈ ಕೆಟ್ಟ ರೂಢಿಯಲ್ಲಿ ಗ್ಯಾರೇಜಿನವರ ಪಾಲೂ ಇದೆ, ಗಿರಾಕಿಗಳ ಪಾಲೂ ಇದೆ.

ಅದಕ್ಕೇ ನನ್ನ ಕೋರಿಕೆ ಇಷ್ಟು. ಗ್ಯಾರೇಜಿಗೆ ಹೋದಾಗ ‘ದೀಪ ಆರಿಸಿ’ ಅನ್ನಬೇಡಿ, ‘ಯಾವ ಕೋಡ್ ಬಂದಿದೆ, ಬರೆದುಕೊಡಿ’ ಅನ್ನಿ. ಕೋಡ್ ಅಳಿಸಿದರೆ, ತೊಂದರೆ ಬಂದ ಗಳಿಗೆಯಲ್ಲಿ ಇಂಜಿನ್ ಹೇಗಿತ್ತೆಂದು ಕಂಪ್ಯೂಟರ್ ಬರೆದಿಟ್ಟುಕೊಂಡ ವಿವರವೂ ಅಳಿದುಹೋಗುತ್ತದೆ. ಮುಂದೆ ಹುಡುಕುವವನಿಗೆ ಸುಳಿವೇ ಸಿಗುವುದಿಲ್ಲ. ಪಾರ್ಟು ಬದಲಿಸಬೇಕು ಎಂದರೆ ಯಾವ ಪರೀಕ್ಷೆ ಮಾಡಿ ಆ ತೀರ್ಮಾನಕ್ಕೆ ಬಂದಿರಿ ಎಂದು ಕೇಳಿ. ತೆಗೆದ ಹಳೆಯ ಪಾರ್ಟನ್ನು ಕೈಗೆ ತೆಗೆದುಕೊಳ್ಳಿ. ಗ್ಯಾರೇಜಿನ ಗೆಳೆಯರಿಗೂ ಒಂದು ಮಾತು: ಬಿಲ್ಲಿನಲ್ಲಿ ಕೋಡ್ ಮತ್ತು ತಪಾಸಣೆಯ ಕೂಲಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಐಟಿಐ ಮುಗಿಸಿ ಬರುವ ಹುಡುಗರ ಕೈಗೆ ಸ್ಪಾನರ್‌ಗಿಂತ ಮೊದಲು ಮಲ್ಟಿಮೀಟರ್ ಕೊಡಿ.

ದೀಪಗಳ ಭಾಷೆ ಎಲ್ಲರಿಗೂ ತಿಳಿದಿರಲಿ. ಕೆಂಪು ಎಂದರೆ ನಿಲ್ಲಿಸು. ಅದರಲ್ಲೂ ಎಣ್ಣೆ ಡಬ್ಬಿಯ ಕೆಂಪು ದೀಪ ಬಂದರೆ ಆ ಕ್ಷಣವೇ ಇಂಜಿನ್ ಆಫ್ ಮಾಡಬೇಕು. ಹಳದಿ ದೀಪ ಒಂದೇ ಸಮ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಇಂಜಿನ್ ದೀಪ ಮಿಟುಕುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ ಎಂದರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುವ ಮೊದಲು ನಿಲ್ಲಿಸಿ. ಹಳೆಯ ಕಾರು ಕೊಳ್ಳುವವರು ಕೀ ಆನ್ ಮಾಡಿದಾಗ ಇಂಜಿನ್ ದೀಪ ಬರುತ್ತದೆಯೇ ಎಂದು ನೋಡಲೇಬೇಕು. ಬರದಿದ್ದರೆ ಯಾರೋ ಅದರ ಬಾಯಿ ಮುಚ್ಚಿಸಿರಬಹುದು.

ಈ ಸಲ ಹಬ್ಬಕ್ಕೆ ಊರಿಗೆ ಬಂದು ಶೆಡ್ಡಿನ ಕಾರು ಹೊರಗೆ ತೆಗೆಯುವವರು ಕೀ ತಿರುಗಿಸುವ ಮೊದಲು ಒಮ್ಮೆ ಬಾನೆಟ್ ಎತ್ತಿ ನೋಡಿ. ಬ್ಯಾಟರಿಗೆ ಒಂದು ರಾತ್ರಿ ಚಾರ್ಜ್ ಕೊಡಿ. ಆಮೇಲೂ ದೀಪ ಉಳಿದರೆ, ಹುಡುಕಬಲ್ಲ ಮೆಕ್ಯಾನಿಕ್ ಹತ್ತಿರ ಹೋಗಿ, ಅವನು ಹುಡುಕಿದ ಹೊತ್ತಿಗೆ ಕೂಲಿ ಕೊಡಿ.