ಕುರುಹು ತಪ್ಪಿದ ಕಡತ

ಪರಿಚಿತ ಕುಟುಂಬವೊಂದರಲ್ಲಿ ಕಳೆದ ವರ್ಷ ಮನೆಯ ಹಿರಿಯರ ಪ್ರಥಮ ಪುಣ್ಯಸ್ಮರಣೆ ಜರುಗಿತು. ಲಿಂಗೈಕ್ಯರಾದ ಆ ಹಿರಿಯರು ಶಾಲಾ ಶಿಕ್ಷಕರಾಗಿದ್ದು, ಬಿಡುವಿನ ವೇಳೆಯಲ್ಲಿ ಶರಣರ ಜೀವನವನ್ನು ಕುರಿತು ಬರೆದ ಲೇಖನಗಳ ಹಸ್ತಪ್ರತಿಯೊಂದನ್ನು ಬಿಟ್ಟುಹೋಗಿದ್ದರು. ಮೊಮ್ಮಗನು ಅದರ ಪುಟಪುಟವನ್ನೂ ಸ್ಕ್ಯಾನ್ ಮಾಡಿ, ಒಂದೇ ಪಿಡಿಎಫ್ ಕಡತವಾಗಿಸಿ, ಜಾಲತಾಣದಲ್ಲಿ ಇರಿಸಿ, ದೂರದೂರುಗಳ ಬಂಧುಗಳಿಗೆಲ್ಲ ಅದರ ಕೊಂಡಿಯನ್ನು ಕಳುಹಿಸಿದನು. ಸ್ಮರಣೆಯ ದಿನ ಬೆಳಗಿನಿಂದಲೇ ಕರೆಗಳು ಬರತೊಡಗಿದವು. ಪುಸ್ತಕವು ತೆರೆಯುತ್ತಿಲ್ಲ, ಏನೋ ಒಂದು ಕಡತ ಮೊಬೈಲಿಗೆ ಇಳಿಯುತ್ತದೆ, ಮುಟ್ಟಿದರೆ ತೆರೆಯಲಾಗದು ಎನ್ನುತ್ತದೆ. ಪೂಜೆಯ ಸಿದ್ಧತೆಯಲ್ಲಿದ್ದ ಅಜ್ಜಿಯವರು ಇದನ್ನು ಕೇಳಿ ಕೈಯಲ್ಲಿದ್ದ ಪತ್ರಿಯ ಬುಟ್ಟಿಯನ್ನು ಕೆಳಗಿಟ್ಟರು. "ಅವರ ಬರವಣಿಗಿ ಎಲ್ಲಾ ಹಾಳಾತೇನಪಾ?" ಎಂದು ಮೊಮ್ಮಗನನ್ನು ಕೇಳಿದರು.

ಬರವಣಿಗೆಗೆ ಏನೂ ಆಗಿರಲಿಲ್ಲ. ಆದುದಿಷ್ಟೆ: ಕಡತದ ಹೆಸರು ಅಂದವಾಗಿರಲೆಂದು ಮೊಮ್ಮಗನು ಅದಕ್ಕೆ 'ಲಿಂ.' ಎಂದು ಆರಂಭಿಸಿ ಅಜ್ಜನ ಪೂರ್ಣ ಹೆಸರನ್ನಿಟ್ಟು, ಕೊನೆಯಲ್ಲಿದ್ದ ಚುಕ್ಕೆಯನ್ನೂ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನೂ ಅಳಿಸಿಹಾಕಿದ್ದನು. ಆ ಮೂರಕ್ಷರಗಳ ಅಭಾವವೇ ಇಡೀ ಗ್ರಂಥವನ್ನು ಬಂಧುಗಳ ಕಣ್ಣಿಗೆ ಮರೆಮಾಡಿತು. ಇದು ಹೇಗೆಂಬುದನ್ನು ನಮ್ಮ ಮನೆಗಳ ಹಿರಿಯರೂ ತಿಳಿದಿರುವುದು ಒಳಿತು.

ಕಡತವೆಂಬ ಶಬ್ದವು ಗಣಕದೊಡನೆ ಬಂದುದಲ್ಲ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಅದನ್ನು ಬಿಡಿಸಿದರೆ ಸಾಕು, ಅಕ್ಷರ ಕಾಣುತ್ತಿತ್ತು. ಇಂದಿನ ಕಡತದ ಒಳಗಿರುವುದು ಕೇವಲ ಅಂಕಿಗಳ ಸಾಲು. ಅದೇ ಅಂಕಿಗಳನ್ನು ಚಿತ್ರವೆಂದೂ ಓದಬಹುದು, ಬರಹವೆಂದೂ ಓದಬಹುದು, ಧ್ವನಿಯೆಂದೂ ಓದಬಹುದು. ಯಾವ ಬಗೆಯಲ್ಲಿ ಓದಬೇಕೆಂಬುದನ್ನು ಬ್ರೌಸರಿಗೆ ಯಾರಾದರೂ ಹೇಳಲೇಬೇಕು.

ಹೇಳುವುದು ಸರ್ವರ್, ಅಂದರೆ ಕಡತವನ್ನು ಇಟ್ಟುಕೊಂಡಿರುವ ದೂರದ ಗಣಕ. ಅದು ಕಡತವನ್ನು ಕಳುಹಿಸುವ ಮುನ್ನ 'ಬರುತ್ತಿರುವುದು ಇಂಥ ಬಗೆಯದು' ಎಂಬ ಒಂದು ಸಾಲನ್ನು ಕಳುಹಿಸುತ್ತದೆ. ಇದನ್ನು ನಾವು ಕಡತದ ಕುರುಹು ಎನ್ನೋಣ. ಈ ಪದ್ಧತಿಯನ್ನು ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಎಂಬ ಇಬ್ಬರು 1992ರಲ್ಲಿ ಮಿಂಚಂಚೆಗಾಗಿ ನಿರೂಪಿಸಿದರು. ಅದಕ್ಕೆ ಮೈಮ್ ಎಂದು ಹೆಸರು. ಜಾಲತಾಣಗಳೂ ಅದನ್ನೇ ಸ್ವೀಕರಿಸಿದವು. ಸರ್ವರಿನಲ್ಲಿ ಒಂದು ಪಟ್ಟಿಯಿರುತ್ತದೆ: ಹೆಸರಿನ ಕೊನೆಗೆ ಜೆಪಿಜಿ ಎಂದಿದ್ದರೆ ಚಿತ್ರ, ಎಚ್‌ಟಿಎಂಎಲ್ ಎಂದಿದ್ದರೆ ಜಾಲಪುಟ, ಪಿಡಿಎಫ್ ಎಂದಿದ್ದರೆ ಪಿಡಿಎಫ್ ಗ್ರಂಥ. ಪಟ್ಟಿಯಲ್ಲಿ ದೊರೆಯದ ಹೆಸರಿಗೆ ಸಾಮಾನ್ಯವಾಗಿ 'ಇಂಥದೆಂದು ತಿಳಿಯದ ರಾಶಿ' ಎಂಬ ಕುರುಹು ಬೀಳುತ್ತದೆ. ಅಂಥದನ್ನು ಬ್ರೌಸರ್ ತೆರೆದು ತೋರಿಸುವುದಿಲ್ಲ, ಇಳಿಸಿ ಇಡುತ್ತದೆ. ನಮ್ಮ ಹುಡುಗನ ಕಡತದಲ್ಲಿ 'ಲಿಂ.' ಎಂಬುದರ ಚುಕ್ಕೆಯೊಂದೇ ಉಳಿದಿತ್ತು. ಆ ಚುಕ್ಕೆಯ ಮುಂದಿದ್ದ ಅಜ್ಜನ ಹೆಸರು ಯಾವ ಸರ್ವರಿನ ಪಟ್ಟಿಯಲ್ಲಿ ತಾನೇ ಇದ್ದೀತು?

ಕುರುಹು ತಪ್ಪಿದರೇನು, ಒಳಗಿನ ತಿರುಳನ್ನೇ ನೋಡಿ ಬ್ರೌಸರ್ ಅರಿಯಬಾರದೆ ಎಂದು ಕೇಳಬಹುದು. ಮಠದ ಭಂಡಾರದಲ್ಲಿ ಓಲೆಗರಿಯ ಕಟ್ಟುಗಳನ್ನು ಬಿಚ್ಚಿದವರು ಬಲ್ಲರು: ಮೇಲಿನ ಚೀಟಿ ಪುರಾಣವೆಂದರೆ ಒಳಗೆ ವೈದ್ಯಗ್ರಂಥವಿರುವುದುಂಟು. ಆದುದರಿಂದಲೇ ಹಸ್ತಪ್ರತಿಸೂಚಿಯನ್ನು ಸಿದ್ಧಪಡಿಸುವವರು ಚೀಟಿಯನ್ನಷ್ಟೇ ನಂಬದೆ ಗ್ರಂಥದ ಆದಿಯನ್ನೂ ಅಂತ್ಯವನ್ನೂ ಓದಿ ನಮೂದಿಸುತ್ತಾರೆ. ಪಿಡಿಎಫ್ ಕಡತಕ್ಕೂ ಇಂಥ ಆದ್ಯಂತಗಳಿವೆ. ಅದು ಶೇಕಡಾ ಚಿಹ್ನೆಯನ್ನೂ ಪಿಡಿಎಫ್ ಎಂಬ ಅಕ್ಷರಗಳನ್ನೂ ಮುಂದಿಟ್ಟುಕೊಂಡು ಆರಂಭವಾಗುತ್ತದೆ. ಕಡತ ಮುಗಿಯಿತೆಂಬ ಸಂಕೇತದಿಂದ ಕೊನೆಗೊಳ್ಳುತ್ತದೆ. ಬ್ರೌಸರುಗಳು ಹೀಗೆ ತಿರುಳನ್ನು ಊಹಿಸಿದ್ದೂ ಉಂಟು. ಆದರೆ ಕಿಡಿಗೇಡಿಗಳು ಚಿತ್ರವೆಂಬ ಕುರುಹಿನ ಕಡತದೊಳಗೆ ದುಷ್ಟ ಆಜ್ಞೆಗಳನ್ನು ಅಡಗಿಸಿಟ್ಟರು. ಊಹೆಗೆ ತೊಡಗಿದ ಬ್ರೌಸರ್ ಅವನ್ನು ನಡೆಸಿಬಿಡುವ ಅಪಾಯ ಉಂಟಾಯಿತು. ಆದುದರಿಂದ 2008ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8ನೆಯ ಆವೃತ್ತಿಯೊಡನೆ 'ಊಹಿಸಬೇಡ' ಎಂದು ಸರ್ವರ್ ಆಜ್ಞಾಪಿಸುವ ಕ್ರಮ ಬಂದಿತು. ಅಂದಮೇಲೆ ಕುರುಹನ್ನು ಸರಿಯಾಗಿ ಇಡುವ ಹೊಣೆ ಇಡುವವನದೇ.

ಕನ್ನಡ ಪುಟಗಳ ಮಟ್ಟಿಗೆ ಈ ಕುರುಹಿನಲ್ಲಿ ಇನ್ನೊಂದು ಅಂಗವುಂಟು: ಲಿಪಿಸಂಕೇತ. ಯುಟಿಎಫ್-8 ಕ್ರಮದಲ್ಲಿ 'ಕ' ಎಂಬ ಅಕ್ಷರಕ್ಕೆ ಮೂರು ಬೈಟುಗಳು. ಈ ಕ್ರಮವನ್ನು ನಮೂದಿಸದೆ ಹೋದರೆ, ಇಲ್ಲವೆ ತಪ್ಪಾಗಿ ನಮೂದಿಸಿದರೆ, ಬ್ರೌಸರ್ ಮೂರನ್ನೂ ಬಿಡಿಬಿಡಿಯಾಗಿ ಯುರೋಪಿನ ಲಿಪಿಯೆಂದು ಓದಬಹುದು. ಆಗ 'ಕ'ಕಾರವಿರಬೇಕಾದಲ್ಲಿ ನೆತ್ತಿಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ 'ಎ', ಒಂದು ಪುಟ್ಟ ಎರಡಂಕಿ, ಒಂದು ದಪ್ಪ ಚುಕ್ಕೆ ಕಾಣುತ್ತವೆ. ಅಂಥ ಪುಟವನ್ನು ಕಂಡಾಗ ಬರಹ ಕೆಟ್ಟಿತೆಂದು ಎದೆಗುಂದಬೇಕಾಗಿಲ್ಲ. ಮೂಲ ಬೈಟುಗಳು ಹಾಗೆಯೇ ಇದ್ದರೆ, ಕುರುಹು ಸರಿಪಡಿಸಿದೊಡನೆ ಕನ್ನಡ ಮರಳಿ ಮೂಡುತ್ತದೆ.

ಕುರುಹು ಸರಿಯಿದ್ದೂ ಕೆಲವೊಮ್ಮೆ ಪಿಡಿಎಫ್ ಕಿಟಕಿಯಲ್ಲಿ ತೆರೆಯದೆ ಇಳಿದುಬಿಡುವುದುಂಟು. ಇದಕ್ಕೆ ಎರಡು ಕಾರಣಗಳಿರಬಹುದು. 'ಇದನ್ನು ಲಗತ್ತಾಗಿ ಇಳಿಸು' ಎಂದು ಸರ್ವರೇ ಸೂಚಿಸಿರಬಹುದು. ಇಲ್ಲವೆ ನಮ್ಮ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಪಿಡಿಎಫ್‌ಗಳನ್ನು ಇಳಿಸಬೇಕೆಂಬ ಆಯ್ಕೆಯಿರಬಹುದು. ಗಣಕದ ಕ್ರೋಮ್ ಬ್ರೌಸರಿನಲ್ಲಿ 2010ರಿಂದಲೂ, ಫೈರ್‌ಫಾಕ್ಸ್‌ನಲ್ಲಿ 2013ರಿಂದಲೂ ಪಿಡಿಎಫ್ ಓದುವ ಸಾಧನ ಅಂತರ್ಗತವಾಗಿದೆ. ಆ ಆಯ್ಕೆಯನ್ನು ಬದಲಿಸಿದರೆ ಎರಡನೆಯ ಕಾರಣ ನೀಗುತ್ತದೆ.

ಇಷ್ಟನ್ನು ಹೇಳಿದ್ದು ಓದುವ ಸೌಕರ್ಯಕ್ಕಾಗಿ ಮಾತ್ರವಲ್ಲ. ಹೆಸರಿನ ಕೊನೆಯ ಅಕ್ಷರಗಳನ್ನು ನೋಡದ ಅಭ್ಯಾಸವು ಮನೆಯನ್ನೇ ಮುಳುಗಿಸಬಲ್ಲುದು. 2000ದ ಮೇ ತಿಂಗಳಲ್ಲಿ ಪ್ರೇಮಪತ್ರವೆಂಬ ಹೆಸರಿನ ಕಡತವೊಂದು ಮಿಂಚಂಚೆಯಲ್ಲಿ ಲೋಕವನ್ನೆಲ್ಲ ಸುತ್ತಿತು. ಅದರ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂದೂ ಅದರಾಚೆಗೆ ವಿಬಿಎಸ್ ಎಂದೂ ಇದ್ದಿತು. ವಿಂಡೋಸ್ ತಾನು ಬಲ್ಲ ಕೊನೆಯಕ್ಷರಗಳನ್ನು ಮರೆಮಾಡುವ ಪದ್ಧತಿಯುಳ್ಳದ್ದು. ಆದುದರಿಂದ ಜನರಿಗೆ ಕಂಡದ್ದು ಸಾಧಾರಣ ಬರಹ, ತೆರೆದಾಗ ನಡೆದದ್ದು ಕಡತಗಳನ್ನು ನಾಶಮಾಡುವ ಕಾರ್ಯಕ್ರಮ. ಇತ್ತೀಚೆಗೆ ಇದೇ ಮೋಸ ಲಗ್ನಪತ್ರಿಕೆಯ ವೇಷದಲ್ಲಿ ನಮ್ಮ ವಾಟ್ಸ್‌ಆ್ಯಪ್‌ಗೆ ಬಂದಿದೆ. 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಈ ಬಗ್ಗೆ ಎಚ್ಚರಿಸಿದರು. ಲಗ್ನಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ವಿಡಿಯೋ ಆಗಿಯೋ ಬರುತ್ತದೆ. ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ಪತ್ರಿಕೆಯಲ್ಲ, ಮೊಬೈಲಿನಲ್ಲಿ ನೆಲೆಯೂರಲು ಬಂದ ಆ್ಯಪ್. ಯಾರ ಮನೆಯ ಮದುವೆಯೇ ಆಗಲಿ, ಅದನ್ನು ಮುಟ್ಟಲಾಗದು. ಕಳುಹಿಸಿದವರಿಗೆ ಕರೆ ಮಾಡಿ ವಿಚಾರಿಸಬೇಕು. ಹಣ ಕಳೆದಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಗಣಕದಲ್ಲಿ ಕಡತಗಳ ಕೊನೆಯಕ್ಷರಗಳು ಕಾಣುವಂತೆ ಮಕ್ಕಳಿಂದ ಇಂದೇ ಮಾಡಿಸಿಕೊಳ್ಳಿರಿ.

ಶರಣರು ಲಾಂಛನವನ್ನು ಗೌರವಿಸಿದರು. ಲಾಂಛನಕ್ಕೆ ತಕ್ಕ ನಡೆಯಿದೆಯೇ ಎಂದೂ ಕೇಳಿದರು. ಲಾಂಛನವಿಲ್ಲದೆ ಗುರುತಿಲ್ಲ, ನಡೆಯಿಲ್ಲದ ಲಾಂಛನ ಬರಿಯ ವೇಷ. ಕಡತದ ವಿಷಯದಲ್ಲಿಯೂ ನಮಗೆ ಈ ಎರಡು ಎಚ್ಚರಗಳು ಬೇಕು. ನಾವು ಕಳುಹಿಸುವಾಗ ಕುರುಹು ತಪ್ಪದಿರಲಿ; ನಮಗೆ ಬಂದಾಗ ಕುರುಹಿಗೂ ತಿರುಳಿಗೂ ಹೊಂದಿಕೆಯುಂಟೇ ಎಂದು ಪರೀಕ್ಷಿಸೋಣ.

ಆ ಮನೆಯ ಹುಡುಗನು ಅಂದೇ ಚುಕ್ಕೆಯನ್ನೂ ಮೂರಕ್ಷರಗಳನ್ನೂ ಮರಳಿ ಸೇರಿಸಿ ಹೊಸ ಕೊಂಡಿಯನ್ನು ಕಳುಹಿಸಿದನು. ಪ್ರಸಾದದ ಹೊತ್ತಿಗೆ ದೂರದ ಮಗಳು ಕರೆ ಮಾಡಿ, ತಂದೆಯ ಕೈಬರಹದ ಮೊದಲ ಪುಟವನ್ನು ತಾಯಿಗೆ ಓದಿ ಹೇಳಿದಳು. ಅಜ್ಜಿಯವರು ಕಣ್ಣು ಮುಚ್ಚಿ ಕೇಳಿದರು.