ಕೆರೆಯ ನೀರೂ ಮೂಗಿನ ಸಾಕ್ಷಿಯೂ

ಬೆಂಗಳೂರಿನ ಪೂರ್ವಭಾಗದ ಕೆರೆಗಳಿಗೆ ಪಟ್ಟಣದ ಕೊಳೆನೀರು ಬಹುಕಾಲದಿಂದ ಸೇರುತ್ತ ಬಂದಿದೆ. ಇಂತಹ ನೀರಿನಿಂದ ಸೊಪ್ಪು, ತರಕಾರಿ, ಹಸುರು ಮೇವುಗಳನ್ನು ಬೆಳೆಯುವವರು ಅದರ ಗುಣವನ್ನು ಸಾಮಾನ್ಯವಾಗಿ ವಾಸನೆಯಿಂದಲೇ ನಿರ್ಣಯಿಸುವುದುಂಟು. ಕೋಡಿಯಲ್ಲಿ ಧುಮುಕಿ, ಕಾಲುವೆಯಲ್ಲಿ ಹರಿದು ದುರ್ವಾಸನೆ ಅಡಗಿದ ನೀರನ್ನು ಶುದ್ಧವಾಯಿತೆಂದೇ ಭಾವಿಸುತ್ತಾರೆ. ಈ ನಂಬಿಕೆಯಲ್ಲಿ ಸ್ವಲ್ಪ ಸತ್ಯವುಂಟು; ಆದರೆ ಅದನ್ನೇ ಪೂರ್ಣ ಸತ್ಯವೆಂದು ತಿಳಿದಲ್ಲಿ ಭೂಮಿಗೂ ಬೆಳೆಗೂ ಹಾನಿಯಾಗುವುದು ನಿಶ್ಚಯ.

ಒಂದು ಅನಿಲವು ನೀರಿನಲ್ಲಿ ಎಷ್ಟು ಕರಗುವುದೆಂಬುದು ನೀರಿನ ಮೇಲೆ ಆ ಅನಿಲದ ಒತ್ತಡ ಎಷ್ಟಿದೆಯೆಂಬುದನ್ನು ಅನುಸರಿಸಿರುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ವಿಲಿಯಂ ಹೆನ್ರಿಯು 1803ರಲ್ಲಿ ತಿಳಿಸಿದನು. ಮುಚ್ಚಿದ ಪಾತ್ರೆಯಲ್ಲಿ ನೀರೂ ಗಾಳಿಯೂ ಒಟ್ಟಿಗೆ ಇದ್ದು ಸಮತೋಲಕ್ಕೆ ಬಂದಾಗ, ಒಂದು ವಸ್ತುವು ಲೀಟರು ಗಾಳಿಯಲ್ಲಿ ಎಷ್ಟು, ಲೀಟರು ನೀರಿನಲ್ಲಿ ಎಷ್ಟು ಎಂಬ ಪ್ರಮಾಣವು ವಸ್ತುವಿನಿಂದ ವಸ್ತುವಿಗೆ ಬೇರೆಯಾಗಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಆಮ್ಲಜನಕವು ನೀರಿಗಿಂತ ಗಾಳಿಯಲ್ಲಿ ಸುಮಾರು 30 ಪಾಲು ಹೆಚ್ಚು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡಿನ ಪ್ರಮಾಣ ಸುಮಾರು 0.4, ಅಮೋನಿಯಾದ್ದು 0.001ಕ್ಕಿಂತಲೂ ಕಡಮೆ. ಉಪ್ಪು, ಸೀಸ, ಕ್ಯಾಡ್ಮಿಯಂ ಮೊದಲಾದವು ಹಾರಿಹೋಗುವುದೇ ಇಲ್ಲ. ಬಿಸಿಲಿಗೆ ನೀರು ಆವಿಯಾದಂತೆಲ್ಲ ಅವು ಉಳಿದ ನೀರಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತವೆ. ಆದುದರಿಂದ ವಾಸನೆ ಹೋಯಿತೆಂದರೆ ಹಾರತಕ್ಕದ್ದು ಹಾರಿತೆಂದು ಅರ್ಥವೇ ಹೊರತು, ಉಳಿಯತಕ್ಕದ್ದೂ ಹೋಯಿತೆಂದಲ್ಲ.

ಉಷ್ಣತೆ ಏರಿದಂತೆ ಅನಿಲಗಳು ನೀರನ್ನು ಬಿಟ್ಟು ಗಾಳಿಗೆ ಸೇರುವ ಒಲವು ಹೆಚ್ಚುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ, ಎತ್ತರದ ಬೆಂಗಳೂರಿನಲ್ಲಿ ಇದಕ್ಕೂ ಹತ್ತರಲ್ಲೊಂದು ಪಾಲು ಕಡಮೆ. ಬೇಸಗೆಯಲ್ಲಿ ಈ ಅಲ್ಪ ಸಂಗ್ರಹವನ್ನು ಕೊಳೆನೀರೂ ಕಬಳಿಸಿದರೆ ಮೀನು ಬದುಕಲಾರದು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸತ್ತು ತೇಲಿದ ಮೀನುಗಳ ರಾಶಿಯನ್ನು ಜನರು ಮರೆತಿರಲಾರರು.

ಅಮೋನಿಯಾದ ನಡತೆಯು ನೀರಿನ ಕ್ಷಾರಗುಣವನ್ನೂ ಅವಲಂಬಿಸಿದೆ. ಪಿ.ಎಚ್. 7 ಇರುವಾಗ ಅದರಲ್ಲಿ ಹಾರಬಲ್ಲ ಭಾಗ ನೂರಕ್ಕೆ ಒಂದೂ ಇಲ್ಲ. 9 ಆದಾಗ ಮೂರನೆಯ ಒಂದು ಪಾಲಿಗೂ ಮೀರುತ್ತದೆ. ಪಾಚಿಯಿಂದ ಹಸುರಾದ ನೀರಿನಲ್ಲಿ ಮಧ್ಯಾಹ್ನ ಪಿ.ಎಚ್. ಏರುವುದರಿಂದ, ಬೆಳಗಿನ ಒಂದೇ ಪರೀಕ್ಷೆ ಸಾಲದು. ಗದ್ದೆಯ ನಿಂತ ನೀರಿಗೆ ಎರಚಿದ ಯೂರಿಯಾದ ಸಾರವು ಗಾಳಿಪಾಲಾಗುವುದೂ ಇದೇ ರೀತಿಯಲ್ಲಿ. ಗೊಬ್ಬರವನ್ನು ಕೆಸರಿನೊಳಗೆ ಸೇರಿಸಿದರೆ ನಷ್ಟವು ಕಡಮೆಯಾಗುವುದು.

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಅಂತರ್ಜಲ ಮರುಪೂರಣಕ್ಕಾಗಿ ಕೋಲಾರದ ಕೆರೆಗಳಿಗೂ ಹರಿಸಲಾಗಿದೆ. ಪಟ್ಟಣದ ನೀರು ಹೀಗೆ ದೂರದ ರೈತರ ಬಾವಿಗಳಿಗೂ ಸಂಬಂಧಿಸಿದ ಮೇಲೆ, ಪರೀಕ್ಷೆಯನ್ನು ಶುದ್ಧೀಕರಣ ಘಟಕದ ಬಾಗಿಲಲ್ಲೇ ಮುಗಿಸುವುದು ಉಚಿತವಲ್ಲ. ಪ್ರತಿ ಕೆರೆಯಲ್ಲಿ ಉಷ್ಣತೆ, ಪಿ.ಎಚ್., ಲವಣಾಂಶಗಳನ್ನು ಬೆಳಗ್ಗೆಯೂ ಮಧ್ಯಾಹ್ನವೂ ಅಳೆದು, ಲೋಹಗಳನ್ನು ನಿಯತಕಾಲದಲ್ಲಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಏರಿಯ ಮೇಲೆ ಕನ್ನಡದಲ್ಲಿ ಬರೆಯಿಸಬೇಕು.

ಇದಕ್ಕೆ ವೆಚ್ಚವಾಗುವುದೆಂಬ ಆಕ್ಷೇಪವು ಬರಬಹುದು. ಉಷ್ಣಮಾಪಕವೂ ಪಿ.ಎಚ್. ಕಾಗದವೂ ದುಬಾರಿಯಲ್ಲ, ಒಮ್ಮೆ ಕೆಟ್ಟ ಭೂಮಿಯನ್ನು ಸರಿಪಡಿಸುವುದೇ ದುಬಾರಿ. ಹೆನ್ರಿಯ ಪ್ರಮಾಣದಿಂದ ಮಾಡುವ ಅಂದಾಜು ವಸ್ತುವಿನ ಒಲವನ್ನು ತಿಳಿಸುತ್ತದೆ. ಅದು ಎಷ್ಟು ಬೇಗ ಹೋಗುವುದೆಂಬುದನ್ನು ಗಾಳಿ, ಆಳ, ಹರಿವುಗಳು ನಿರ್ಧರಿಸುತ್ತವೆ. ಅಂದಾಜು ದಾರಿ ತೋರಲಿ, ಅಳತೆಯು ತೀರ್ಪು ಕೊಡಲಿ. ಮೂಗಿನ ಸಾಕ್ಷಿಯೊಂದನ್ನೇ ನಂಬಿ ತೂಬನ್ನು ಎತ್ತುವ ಪದ್ಧತಿಯನ್ನು ರೈತರು ಬಿಡತಕ್ಕದ್ದು.