ಮಾನಿಟರ್ ಒಬ್ಬಂದಲ್ಲ, ಮನಿಮಂದಿದು

ವೈನಿ, ಮೊನ್ನೆ ಫೋನ್ ಮಾಡಿ "ಹುಡುಗ ಗೇಮಿಂಗ್ ಮಾನಿಟರ್ ಬೇಕಂತ ಹಟ ಹಿಡದಾನ, ಹದಿನೆಂಟು ಸಾವಿರ ಅಂತ, ಏನ್ ಮಾಡ್ಲಿ" ಅಂತ ಕೇಳಿದ್ರಿ. ನಮ್ಮ ಹಿಂದಿನ ಮನಿ ಮಾವಶಿನೂ ಇದನ್ನ ಕೇಳ್ಯಾರ. ಇಬ್ಬರಿಗೂ ಬ್ಯಾರೆ ಬ್ಯಾರೆ ಹೇಳೋದ್ರ ಬದಲಿ ಇಲ್ಲೆ ಬರದ್ರ ಉಳಿದವ್ರಿಗೂ ಉಪಯೋಗ ಆಗ್ತದ.

ಮೊದಲ ನನ್ನ ಮಾತು ಹೇಳಿಬಿಡ್ತೀನಿ. ಹುಡುಗನ್ನ ಬೈಬ್ಯಾಡ್ರಿ, ಆದ್ರ ಹದಿನೆಂಟು ಸಾವಿರಾನೂ ಕೊಡಬ್ಯಾಡ್ರಿ. 24 ಇಂಚಿಂದು, ಫುಲ್ ಎಚ್‌ಡಿ, ಐಪಿಎಸ್ ಪ್ಯಾನೆಲ್, 100 ಹರ್ಟ್ಜ್ ಇರೋ ಮಾನಿಟರ್ ಎಂಟು-ಒಂಬತ್ತು ಸಾವಿರದ ಆಸುಪಾಸು ಸಿಗ್ತದ. ಅಂವಗ ಆಟಕ್ಕೂ ಆತು, ನಿಮ್ಮ ಮಗಳ ಓದಿಗೂ ಆತು, ನಿಮ್ಮ ಭಿಶಿ ರೊಕ್ಕದಾಗ ಅರ್ಧ ಉಳೀತು. ಆ ರೊಕ್ಕ ನೀವು ತಿಂಗಳಾ ತಿಂಗಳಾ ಉಳಿಸಿ ಕಟ್ಟಿದ್ದು ಅನ್ನೋದನ್ನ ಮನ್ಯಾಗ ಯಾರೂ ಮಾತಾಡಂಗಿಲ್ಲ, ಅದಕ್ಕ ನಾನು ಇಲ್ಲೆ ಬರದೇನಿ.

ಈ ಹರ್ಟ್ಜ್ ಅಂದ್ರ ಏನಂತ ತಿಳಕೊಂಡ್ರ ಅರ್ಧ ಜಗಳ ಮುಗೀತದ. 60 ಹರ್ಟ್ಜ್ ಅಂದ್ರ ಸ್ಕ್ರೀನ್ ಮ್ಯಾಲಿನ ಚಿತ್ರ ಒಂದು ಸೆಕೆಂಡಿಗೆ ಅರವತ್ತು ಸಲ ಬದಲಾಗ್ತದ. 100 ಅಂದ್ರ ನೂರು ಸಲ. 60ರಿಂದ 100ಕ್ಕ ಹೋದ್ರ ಯಾರ ಕಣ್ಣಿಗಾದ್ರೂ ಗೊತ್ತಾಗ್ತದ, ಮೌಸ್ ಓಡಿಸಿದ್ರೂ ಗೊತ್ತಾಗ್ತದ, ಪಾಠದ ಪುಟ ಮ್ಯಾಲ-ಕೆಳಗ ಸರಿಸಿದ್ರೂ ಅಕ್ಷರ ಅಷ್ಟು ಕಲಸಿದಂಗ ಕಾಣಂಗಿಲ್ಲ. 165ಕ್ಕ ಹೋದ್ರ ಇನ್ನೂ ಛಲೋ, ಸುಳ್ಳಲ್ಲ. ಆದ್ರ ಚಿತ್ರ ತಯಾರು ಮಾಡೋದು ಮಾನಿಟರ್ ಅಲ್ಲ, ಕಂಪ್ಯೂಟರು. ನಿಮ್ಮ ಮನ್ಯಾಗಿನ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಗುರ ಆಟ ಅದರಾಗ ಓಡ್ತಾವ, ದೊಡ್ಡ ಆಟ ಸೆಕೆಂಡಿಗೆ ಮೂವತ್ತು ಚಿತ್ರ ಕೊಡೋದ್ರಾಗ ಸುಸ್ತಾಗ್ತಾವ. ಮೂವತ್ತು ಬರೋ ಕಡೆ 165 ತೋರಸೋ ಸ್ಕ್ರೀನ್ ಇಟ್ಟು ಏನ್ ಮಾಡೋದು? ಹುಡುಗಗ ಇದನ್ನ ಕೇಳ್ರಿ. ಅಂವಗ ಗೊತ್ತಿರ್ತದ, ಹೇಳಿರಂಗಿಲ್ಲ ಅಷ್ಟ.

ಅಳತಿ ಬಗ್ಗೆನೂ ಹಂಗ. 27 ಇಂಚು ಅಂದ್ರ ದೊಡ್ಡದು, ಖರೆ. ಆದ್ರ ಫುಲ್ ಎಚ್‌ಡಿ ಅಂದ್ರ ಅಡ್ಡ 1920 ಚುಕ್ಕಿ, ಉದ್ದ 1080 ಚುಕ್ಕಿ. ಸ್ಕ್ರೀನ್ ಸಣ್ಣದಿದ್ರೂ ಅಷ್ಟ, ದೊಡ್ಡದಿದ್ರೂ ಅಷ್ಟ. ಅದ ಹಿಟ್ಟನ್ನ ದೊಡ್ಡ ಹಂಚಿನ ತುಂಬ ಹರವಿದಂಗ. ಒಂದು ಕೈ ದೂರ ಕುತಗೊಂಡು ಓದೋ ಹುಡುಗಿಗೆ 24 ಇಂಚಿನಾಗಿನ ಅಕ್ಷರಾನ ಚೊಕ್ಕ ಕಾಣ್ತಾವ.

ಐಪಿಎಸ್ ಬೇಕಂತ ಯಾಕ ಹೇಳ್ತೀನಂದ್ರ, ಬಾಜೂಕ ನಿಂತು ನೋಡಿದ್ರೂ ಬಣ್ಣ ಹೆಚ್ಚು ಕೆಡಂಗಿಲ್ಲ. ಒಬ್ಬಾಂವ ಎದರಿಗೆ ಕುತಗೊಂಡು ಆಡೋದಾದ್ರ ಹೆಂಗಿದ್ರೂ ನಡೀತದ, ನಾಕು ಮಂದಿ ನೋಡೋ ಮನ್ಯಾಗ ನಡ್ಯಂಗಿಲ್ಲ. ಟಿಎನ್ ಅನ್ನೋ ಹಳೆ ಜಾತಿದು ಬಾಜೂಲಿಂದ ನೋಡಿದ್ರ ಬಣ್ಣ ಕೆಟ್ಟು ಕಾಣ್ತದ. ವಿಎ ಅನ್ನೋದ್ರಾಗ ಕಪ್ಪು ಛಲೋ ಬರ್ತದ, ಸಿನಿಮಾಕ್ಕ ಚಂದ, ಆದ್ರ ಸೋವಿದ್ರಾಗ ಕತ್ತಲಿ ದೃಶ್ಯ ಓಡುವಾಗ ಹಿಂದ ಮಸಿ ಎಳದಂಗ ಕಾಣ್ತದ.

ಡಬ್ಬಿ ಮ್ಯಾಲಿನ ಚೀಟಿಗೆ ಮರುಳಾಗಬ್ಯಾಡ್ರಿ. "1 ಎಂಎಸ್" ಅಂತ ದೊಡ್ಡದಾಗಿ ಬರದಿರ್ತಾರ, ಅದನ್ನ ಅಳಿಯೋ ಪದ್ಧತಿನ ಎರಡು ಮೂರು ತರ ಅದಾವ, ತಮಗ ಛಲೋ ಕಾಣೋದನ್ನ ಬರೀತಾರ. "ಎಚ್‌ಡಿಆರ್" ಅಂತಾರ. ಆ ಕಿಮ್ಮತ್ತಿನ ಸ್ಕ್ರೀನಿನ ಬೆಳಕು ಬಹಳ ಕಡೆ 250 ನಿಟ್ಸ್. ವೆಸಾ ಸಂಸ್ಥೆಯವ್ರ ಎಚ್‌ಡಿಆರ್ ದರ್ಜೆಯಾಗ ಎಲ್ಲಕ್ಕಿಂತ ಕೆಳಗಿನದಕ್ಕನ 400 ಬೇಕು. ಹಂಗಾಗಿ ಆ ಅಕ್ಷರಕ್ಕ ಒಂದು ರೂಪಾಯಿನೂ ಹೆಚ್ಚಿಗೆ ಕೊಡಬ್ಯಾಡ್ರಿ. ಬಾಗಿದ ಸ್ಕ್ರೀನು 24 ಇಂಚಿನಾಗ ಬರೇ ಡೌಲು.

ಯಜಮಾನ್ರು "ಟೀವಿಗೆ ಹಚ್ಚಲಿ" ಅಂತಾರ. ಅತ್ತಿಯವ್ರ ಧಾರಾವಾಹಿ ಟೈಮಿಗೆ ಹಚ್ಚಿದ್ರ ಏನಾಗ್ತದಂತ ಅವ್ರಿಗೇ ಕೇಳ್ರಿ. ಅದೂ ಅಲ್ಲದ ಟೀವಿಯೊಳಗ ಗೇಮ್ ಮೋಡ್ ಹಾಕದಿದ್ರ ಗುಂಡಿ ಒತ್ತಿದ್ದಕ್ಕೂ ಚಿತ್ರ ಅಲುಗೋದಕ್ಕೂ ತಡ ಆಗ್ತದ, ಸಮೀಪ ಕುತಗೊಂಡು ಓದಲಿಕ್ಕಂತೂ ಆಗಂಗಿಲ್ಲ.

ಒಂದು ಮಾತು ಅಂಗಡಿಯವ್ರು ಹೇಳಂಗಿಲ್ಲ. 100 ಹರ್ಟ್ಜಿಂದು ತಂದು ಹಚ್ಚಿದ್ರೂ ಎಷ್ಟೋ ಮನ್ಯಾಗ ಅದು 60ರ ಮ್ಯಾಲ ಓಡ್ತಿರ್ತದ. ವಿಂಡೋಸ್‌ನಾಗ ಸೆಟ್ಟಿಂಗ್ಸ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಹೋಗಿ ಕೈಲೆ ಬದಲಿ ಮಾಡ್ಬೇಕು. ಕಂಪ್ಯೂಟರಿನ ಹಿಂದ ಎಚ್‌ಡಿಎಂಐ ತೂತು ಅದನೋ, ಹಳೆ ನೀಲಿ ವಿಜಿಎ ಅಷ್ಟ ಅದನೋ ನೋಡಕೊಂಡು ಹೋಗ್ರಿ. ಸ್ಪೀಕರ್ ಬಹಳ ಮಾನಿಟರಿನಾಗ ಇರಂಗೇ ಇಲ್ಲ. ಸೋವಿ ಸ್ಟ್ಯಾಂಡು ಮ್ಯಾಲ-ಕೆಳಗ ಆಗಂಗಿಲ್ಲ, ಬರೇ ಬಾಗ್ತದ. ಸ್ಕ್ರೀನಿನ ಮ್ಯಾಲಿನ ಅಂಚು ಕಣ್ಣಿನ ಸಮಕ್ಕ ಬರೂ ಹಂಗ ಕೆಳಗ ಹಳೆ ದೀಪಾವಳಿ ವಿಶೇಷಾಂಕ ಇಡ್ರಿ, ಅವು ಯಾವಾಗರ ಉಪಯೋಗಕ್ಕ ಬರ್ಲಿ. ಎರಡು ನಂಬರಿನ ಚಸ್ಮಾ ಹಾಕೋವ್ರಿಗೆ ಮಾತ್ರ ಸ್ವಲ್ಪ ತಗ್ಗಿನಾಗಿದ್ರ ಕುತಗಿ ನೋವಾಗಂಗಿಲ್ಲ. ಕರೆಂಟಿನ ಚಿಂತಿ ಬ್ಯಾಡ. 25 ವ್ಯಾಟ್ ಹಿಡದು ದಿನಕ್ಕ ಐದು ತಾಸು ಹಚ್ಚಿದ್ರೂ ಎಂಟು ದಿನಕ್ಕ ಒಂದು ಯೂನಿಟ್.

ಇಷ್ಟೆಲ್ಲಾ ಆದ್ರೂ ನನಗ ಖರೇ ಜಗಳ ಇರೋದು ಬ್ಯಾರೆ ಕಡೆ. ನಿಮ್ಮ ಮಗಳು ಈ ವರ್ಷ ಸೆಕೆಂಡ್ ಪಿಯು. ಅಕಿ ಪಾಠದ ವಿಡಿಯೋನೆಲ್ಲಾ ಆರು ಇಂಚಿನ ಫೋನ್‌ನಾಗ ನೋಡ್ತಾಳ, ಕಣ್ಣು ಉರೀತಾವ ಅಂತಾಳ. ಅಕಿ ಏನೂ ಕೇಳಿಲ್ಲ. ಕೇಳಿದಾಂವ ತಮ್ಮ. ಅದಕ್ಕ ಮನ್ಯಾಗ ಎಲ್ಲಾರೂ ಇದನ್ನ "ಅವನ ಮಾನಿಟರು" ಅನ್ನಲಿಕ್ಕೆ ಶುರು ಮಾಡ್ಯಾರ, ಇನ್ನೂ ಬಂದೇ ಇಲ್ಲ. ಅವನ ಖೋಲಿಯೊಳಗ ಇಟ್ರ ಅಕಿ ಒಳಗ ಹೋಗಿ ಕೇಳಬೇಕು, ಅಂವ "ಈ ಮ್ಯಾಚ್ ಮುಗೀಲಿ" ಅನ್ನಬೇಕು. ಪಡಸಾಲ್ಯಾಗ ಇಡ್ರಿ. ಸಂಜಿ ಆರರಿಂದ ಒಂಬತ್ತು ಅಕಿದು, ಆಮ್ಯಾಲ ಒಂದೂವರಿ ತಾಸು ಅವಂದು ಅಂತ ತರೂಕಿಂತ ಮೊದಲ ಹೇಳ್ರಿ. ತಂದ ಮ್ಯಾಲ ಹೇಳಿದ್ರ ನಡ್ಯಂಗಿಲ್ಲ. ಹುಡುಗ ಗ್ರಾಫಿಕ್ಸ್ ಕಾರ್ಡ್ ಬೇಕಂದ್ರ ಉಳಿದ ರೊಕ್ಕದ ಕಡೆ ಕಣ್ಣು ಹಾಕ್ತಾನ, ಅದಕ್ಕ ಮೊದಲ ಅಕಿಗೆ ಒಂದು ಛಲೋ ಕುರ್ಚಿ ತಂದುಬಿಡ್ರಿ.

ಶನಿವಾರ ಹುಬ್ಬಳ್ಳಿಗೆ ಬರ್ರಿ, ಕೊಪ್ಪಿಕರ್ ರೋಡ್ ಕಡೆ ಅಂಗಡಿಗೆ ಕೂಡೇ ಹೋಗೂಣು. ಡಬ್ಬಿ ಅಲ್ಲೇ ಬಿಚ್ಚಸಿ, ಪೂರಾ ಬಿಳಿ ಒಮ್ಮೆ, ಪೂರಾ ಕಪ್ಪು ಒಮ್ಮೆ ಹಾಕಿಸಿ, ಸತ್ತ ಚುಕ್ಕಿ ಅದಾವೇನಂತ ನೋಡೇ ಬಿಲ್ ಮಾಡಸೂಣು. ಮಗಳನ್ನೂ ಕರಕೊಂಡು ಬರ್ರಿ, ಅಕ್ಷರ ಹೆಂಗ ಕಾಣ್ತಾವಂತ ಅಕಿನ ನೋಡಿ ಹೇಳ್ಲಿ.